ಮಾತ್ರೆ ತಂದ ಹಸಿವು

ಪೇಟೆಬೀದಿಯಲ್ಲಿ ಯಾವ ಅಂಗಡಿಯ ಶಟರ್ ಎಲ್ಲಿ ಕಚ್ಚಿಕೊಳ್ಳುತ್ತದೆ, ಯಾವುದು ಒಂದು ಒದೆ ಕೊಟ್ಟರೆ ಏಳುತ್ತದೆ, ಯಾವುದನ್ನು ಮುದ್ದು ಮಾಡಿ ಎತ್ತಬೇಕು ಎನ್ನುವುದೆಲ್ಲ ಗಡಗಡಣ್ಣನಿಗೆ ಬಾಯಿಪಾಠವಾಗಿತ್ತು. ಅವುಗಳಲ್ಲಿ ಮುಕ್ಕಾಲು ಪಾಲು ಅವನೇ ಕೂರಿಸಿದವು. ಬೆಳಿಗ್ಗೆ ಅಂಗಡಿಗಳು ಬಾಗಿಲು ತೆರೆಯುವಾಗಿನ ಸದ್ದಿನಿಂದಲೇ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಹೆಂಡತಿಯಂತೂ 'ರೀ' ಅನ್ನುವುದರಲ್ಲೇ ಇಡೀ ಸಂಸಾರ ಸಾಗಿಸಿದ್ದಳು.

ಶಟರಿನ ಕೆಲಸ ನೋಡುವುದಕ್ಕೆ ತಗಡಿನ ಕೆಲಸ, ಮಾಡುವುದಕ್ಕೆ ಮುಷ್ಟಿಯ ಕೆಲಸ. ಮೇಲಿನ ಕೊಳವೆಯೊಳಗಿರುವ ಸ್ಪ್ರಿಂಗನ್ನು, ಕಬ್ಬಿಣದ ಸರಳು ತೂರಿಸಿ, ಸುತ್ತು ಸುತ್ತಾಗಿ ಬಿಗಿ ಮಾಡಬೇಕು. ಬಿಗಿಯಾಗುತ್ತ ಹೋದಂತೆ ಆ ಸರಳು ಕೈಯಿಂದ ಕಿತ್ತುಕೊಂಡು ಹೋಗಲು ಹವಣಿಸುತ್ತದೆ. ಗಡಗಡಣ್ಣ ಅದನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬೆನ್ನು ಕೆರೆದುಕೊಳ್ಳುತ್ತಾನೆ ಎಂದು ಬೀದಿಯವರು ಹೇಳುತ್ತಿದ್ದರು. ಅದು ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು. ಆದರೆ ಅವನ ಊಟದ ಬಗ್ಗೆ ಅವರು ಹೇಳುತ್ತಿದ್ದದ್ದರಲ್ಲಿ ಸುಳ್ಳಿರಲಿಲ್ಲ. ತಟ್ಟೆಯ ಮುಂದೆ ಕೂತನೆಂದರೆ ಮಾತಿಲ್ಲ ಕತೆಯಿಲ್ಲ; ಎದ್ದ ಮೇಲೆ ಮಾತ್ರ, ಇವತ್ತು ಉಪ್ಪು ಒಂದು ಕಲ್ಲು ಕಡಿಮೆ ಎಂದೋ ಬೇಳೆ ಚೆನ್ನಾಗಿ ಬೆಂದಿದೆ ಎಂದೋ ತೀರ್ಪು ಕೊಟ್ಟೇ ಕೈ ತೊಳೆಯುತ್ತಿದ್ದ. ಕಾಲೇಜು ಹಾಸ್ಟೆಲಿನ ಅಡುಗೆಮನೆಯಲ್ಲಿ ಇನ್ನೂರು ಹುಡುಗಿಯರಿಗೆ ಬೇಯಿಸಿ ಹಾಕುವ ಅವನ ಹೆಂಡತಿಗೆ, ಆ ಇನ್ನೂರು ಜನರ ಹೊಗಳಿಕೆಗಿಂತ ಮನೆಯ ಈ ಒಂದು ತೀರ್ಪು ಮುಖ್ಯವಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕೆಮ್ಮು ಶುರುವಾದಾಗ ಕಬ್ಬಿಣದ ಧೂಳು ಎಂದುಕೊಂಡರು. ಕೆಮ್ಮಿನಲ್ಲಿ ರಕ್ತ ಕಂಡಾಗ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಚಿತ್ರ ತೆಗೆದರು, ಬೆನ್ನಿಗೆ ಸೂಜಿ ಚುಚ್ಚಿ ಚೂರು ತೆಗೆದರು, ಬಲಗಡೆಯ ಶ್ವಾಸಕೋಶದಲ್ಲಿ ಗಂಟು ಇದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ ಎಂದರು. ರಕ್ತನಾಳಕ್ಕೆ ಔಷಧಿ ಹನಿಸುವ ಚಿಕಿತ್ಸೆ ಆರಂಭವಾಯಿತು. ಕೂದಲು ಹೋಯಿತು, ಹುಬ್ಬು ಹೋಯಿತು. ಅದಕ್ಕೆಲ್ಲ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಸೋಪಿನ ಖರ್ಚು ಉಳಿಯಿತು ಎಂದ. ಆದರೆ ಅದರ ಹಿಂದೆಯೇ ಹಸಿವೂ ಹೋಯಿತು. ಅನ್ನ ಕುದಿಯುವ ವಾಸನೆ ಮೂಗಿಗೆ ಬಡಿದರೆ ಎದ್ದು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಎರಡು ತುತ್ತು ಇಳಿಸಿದರೆ ಮೂರನೆಯದು ಗಂಟಲಲ್ಲೇ ಮುಷ್ಕರ ಹೂಡುತ್ತಿತ್ತು. ಅಂಗಿಯ ಭುಜ ತೋಳಿನ ಮೇಲೆ ಜಾರಿತು. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಕೊರೆದದ್ದಾಯಿತು, ಆಮೇಲೆ ಇನ್ನೊಂದು.

ಹೆಂಡತಿ ಬಿಡಲಿಲ್ಲ. ಗಂಜಿ, ಹಾಲು, ಮೊಟ್ಟೆ, ಮಿಕ್ಸಿಯಲ್ಲಿ ತಿರುವಿದ ಬೇಳೆ ಎಂದು ಗಂಟೆಗೊಂದು ಬಟ್ಟಲು ಹಿಡಿದು ಎದುರು ನಿಂತಳು. ಮೊದಲು ಕೈಮುಗಿದಳು, ಆಮೇಲೆ ಗದರಿದಳು, ಕೊನೆಗೆ ಚಮಚವನ್ನು ಬಾಯಿಗೇ ತುರುಕಿದಳು. ಒಂದು ದಿನ ಅವನ ಹತಾರಗಳ ಪೆಟ್ಟಿಗೆಗೆ ಇರುವೆ ಸಾಲು ಹೋಗುತ್ತಿದ್ದುದನ್ನು ಕಂಡು ಮುಚ್ಚಳ ಎತ್ತಿದರೆ, ಸ್ಪ್ಯಾನರುಗಳ ಕೆಳಗೆ ಮೂರು ದಿನದ ಬ್ರೆಡ್ಡು, ಮೊಟ್ಟೆ ಎಲ್ಲ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು.

"ಮಗು ಥರ ಕದ್ದು ಬಚ್ಚಿಡ್ತೀರಲ್ಲ, ನಾಚಿಕೆ ಆಗಲ್ವಾ?" ಎಂದಳು.

"ಮಗುವಿಗೆ ಹಸಿವಾದ್ರೂ ಆಗುತ್ತೆ ಕಣೇ," ಎಂದ ಅವನು, ಮೆಲ್ಲಗೆ.

ಅವಳು ಇದನ್ನೆಲ್ಲ ಆಸ್ಪತ್ರೆಯ ಡಾಕ್ಟರಮ್ಮನ ಮುಂದೆ ಚಾಡಿ ಹೇಳಿದಂತೆಯೇ ಹೇಳಿದಳು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ, ಕೇಳಿದ್ದಕ್ಕೆ ಸುತ್ತಿ ಬಳಸದೆ ಉತ್ತರ ಕೊಡುವವಳು. ಇದು ಹಟವಲ್ಲ ಎಂದಳು. ಈ ರೋಗವೇ ಹಸಿವನ್ನು ಆರಿಸಿಬಿಡುತ್ತದೆ, ಉಂಡರೂ ಮೈಗೆ ಹತ್ತದ ಹಾಗೆ ಮಾಂಸವನ್ನು ಒಳಗಿಂದಲೇ ಸುಡುತ್ತದೆ. ಬಲವಂತ ಮಾಡಿದರೆ ಇಬ್ಬರಿಗೂ ನೋವು, ಲಾಭವಿಲ್ಲ ಎಂದಳು. ಹೆಂಡತಿ ಅಲ್ಲೇ ತಲೆ ತಗ್ಗಿಸಿದಳು. ಅಷ್ಟು ದಿನ ತುರುಕಿದ ಚಮಚಗಳೆಲ್ಲ ಅವಳ ಕಣ್ಣ ಮುಂದೆ ಬಂದವು.

ಆಮೇಲೆ ಡಾಕ್ಟರಮ್ಮ ಒಂದು ಹೊಸ ಮಾತ್ರೆಯ ವಿಷಯ ತೆಗೆದಳು. "ಹೊಟ್ಟೆ ಖಾಲಿಯಾದಾಗ ಅದು ಮಿದುಳಿಗೆ ಸುದ್ದಿ ಕಳಿಸುತ್ತೆ, ಹಸಿವು ಅಂತ. ಈ ಮಾತ್ರೆ ಅದೇ ಸುದ್ದೀನ ಹೊಟ್ಟೆಯ ಪರವಾಗಿ ತಾನೇ ಹೇಳುತ್ತೆ. ಜೊತೆಗೆ ತಲೆಯೊಳಗೆ ಬಟಾಣಿ ಗಾತ್ರದ ಒಂದು ಗ್ರಂಥಿ ಇದೆ, ಬೆಳವಣಿಗೆಯ ಹಾರ್ಮೋನು ಬಿಡೋದು. ಅದನ್ನೂ ತಟ್ಟಿ ಎಬ್ಬಿಸುತ್ತೆ. ಮೈಗೆ ಸ್ವಲ್ಪ ಮಾಂಸ ಹತ್ತಬಹುದು."

"ಈ ವಯಸ್ಸಲ್ಲಿ ಬೆಳೆಯೋಕೆ ಶುರು ಮಾಡಿದ್ರೆ ಮನೆ ಬಾಗಿಲು ತಲೆಗೆ ತಾಗಲ್ವಾ ಡಾಕ್ಟ್ರೇ?" ಎಂದ ಗಡಗಡಣ್ಣ.

ಎತ್ತರ ಆಗುವ ಕಾಲ ದಾಟಿದೆ, ಆ ಭಯ ಬೇಡ ಎಂದು ಅವಳು ನಕ್ಕಳು. ನಗು ಮುಗಿಸಿ ಉಳಿದದ್ದನ್ನೂ ಹೇಳಿದಳು: ಇದು ಗಂಟಿಗೆ ಮದ್ದಲ್ಲ. ಸಕ್ಕರೆ ಏರಬಹುದು, ಕಾಲಲ್ಲಿ ನೀರು ತುಂಬಬಹುದು, ಎದೆಬಡಿತದ ಲಯ ತಪ್ಪಬಹುದು. ಅದಕ್ಕೇ ಇಸಿಜಿ ತೆಗೆಸಿ, ರಕ್ತ ನೋಡಿ, ಆಮೇಲೆಯೇ ಕೊಡುವುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಒಂದು ಗಂಟೆ ಏನೂ ತಿನ್ನಬಾರದು. ಏನನ್ನೂ ತಿನ್ನದವನಿಗೆ ಒಂದು ಗಂಟೆ ತಿನ್ನಬೇಡ ಅನ್ನುತ್ತಾಳಲ್ಲ ಎಂದು ಗಡಗಡಣ್ಣ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಗಾಡಿದ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಅವಳು ಅಕ್ಕಿ ಆರಿಸುತ್ತ ಕೂತಿದ್ದಾಗ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಏನಾದ್ರೂ ಇದೆಯಾ?" ಎಂದ. ಅವಳಿಗೆ ಅರ್ಥವಾಗಲಿಲ್ಲ, ಸ್ಕ್ರೂಡ್ರೈವರೋ ಎಣ್ಣೆ ಡಬ್ಬಿಯೋ ಕೇಳುತ್ತಿದ್ದಾನೆ ಎಂದುಕೊಂಡಳು. "ತಿನ್ನೋಕೆ," ಎಂದ ಅವನು, ತಪ್ಪು ಮಾಡಿದವನ ಹಾಗೆ. ಎರಡು ಬ್ರೆಡ್ಡು, ಒಂದು ಮೊಟ್ಟೆ ಒಳಗಿಳಿದವು. ಇನ್ನೊಂದು ಬ್ರೆಡ್ಡು ಕೇಳಿದ. ಅವಳು ಹಿತ್ತಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ, ಆ ನೀರಿನ ಸದ್ದಿನಲ್ಲಿ ಮನಸಾರೆ ಅತ್ತು ಬಂದಳು.

ಅಲ್ಲಿಂದ ಮುಂದೆ ಅವನ ಹೊಟ್ಟೆಗೆ ತಳವೇ ಇಲ್ಲವೆನ್ನುವಂತಾಯಿತು. ಊಟ ಮುಗಿಸಿ ಎದ್ದವನು ಕೈ ಒಣಗುವ ಮೊದಲೇ ಡಬ್ಬಿಗಳ ಮುಚ್ಚಳ ಎತ್ತಿ ನೋಡುತ್ತಿದ್ದ. ಅವಳ ತಮ್ಮ ಮನೆಗೆ ಬಂದಾಗ ಗಡಗಡಣ್ಣ ಆ ತಮ್ಮನ ತಟ್ಟೆಯ ಆಲೂಗಡ್ಡೆಗೂ ಕೈ ಹಾಕಿದ. ಈ ತಮ್ಮ ಹದಿನೆಂಟು ವರ್ಷದಿಂದ ಭಾವನ ಜೊತೆಗೇ ಶಟರ್ ಕೆಲಸ ಮಾಡಿಕೊಂಡಿದ್ದವನು, ಈಗ ಒಬ್ಬನೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಿದ್ದ. ತಟ್ಟೆಯನ್ನು ಪೂರ್ತಿ ಆಚೆಗೆ ತಳ್ಳಿ, "ತಿನ್ನಿ ಭಾವ, ನಾನು ಮನೆಗೆ ಹೋಗಿ ಇನ್ನೊಂದ್ಸಲ ಉಣ್ತೀನಿ," ಎಂದ. ಮೂವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಕೆನ್ನೆ ತುಂಬಿಕೊಂಡಿತು. ಬೆಲ್ಟು ಒಂದು ತೂತು ಹಿಂದಕ್ಕೆ ಬಂತು. ಸಂಜೆ ಬೀದಿಗೆ ಹೊರಟರೆ ಅಂಗಡಿಯವರೆಲ್ಲ ಕರೆದು ಕೂರಿಸಿ, ಗೆದ್ದುಬಂದೆ ಬಿಡು ಗಡಗಡಣ್ಣ ಎನ್ನುವರು. ಅವನು ಹೌದೆನ್ನುವನು. ಹೆಂಡತಿ ಪಕ್ಕದಲ್ಲಿದ್ದರೆ ನೆಲ ನೋಡುವಳು. ಮೊದಲು ಅವಳನ್ನು ಕಾಡಿದ್ದು ಚಿಕ್ಕ ವಿಷಯ. ಇಷ್ಟೆಲ್ಲ ಉಂಡರೂ ಅವನು ಒಂದು ದಿನವೂ ಉಪ್ಪಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಒಮ್ಮೆ ಬೇಕೆಂದೇ ಬೇಳೆಗೆ ಉಪ್ಪು ಹಾಕದೆ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡು ಎದ್ದುಹೋದ. ನಾಲಗೆ ಸತ್ತಿತ್ತು. ರುಚಿ ಎಂದರೇನೆಂದು ತಿಳಿಯದ ಬಾಯಿಗೆ ಹೊಟ್ಟೆ ಹಾಕು ಹಾಕು ಎಂದು ಹುಕುಂ ಮಾಡುತ್ತಿತ್ತು, ಅವನು ಹಾಕುತ್ತಿದ್ದ. ಅವಳು ಆ ಉಪ್ಪಿಲ್ಲದ ಬೇಳೆಯನ್ನು ಒಬ್ಬಳೇ ಕೂತು ಉಂಡಳು.

ಆಮೇಲೆ ಕಾಲು. ಸಂಜೆಯ ಹೊತ್ತಿಗೆ ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅವಳು ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ತುಂಬಿಕೊಂಡ ಮೈಯಲ್ಲಿ ಮಾಂಸವೆಷ್ಟು ನೀರೆಷ್ಟು ಎಂದು ಅವಳಿಗೆ ಅನುಮಾನ ಹತ್ತಿತು. ಹಾಸ್ಟೆಲಿನಲ್ಲಿ ದೊಡ್ಡ ಪಾತ್ರೆಗೆ ಸೌಟು ಹಾಕಿ ತಿರುವುತ್ತಿದ್ದಾಗ ಇನ್ನೊಂದು ಯೋಚನೆ ಹೊಕ್ಕಿತು, ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಈ ಮಾತ್ರೆ ಮೈಗೆಲ್ಲ ಬೆಳೆ ಬೆಳೆ ಎನ್ನುತ್ತಿದೆ. ಮೈಯೊಳಗೇ ಆ ಗಂಟೂ ಇದೆ. ಅದಕ್ಕೂ ಕೇಳಿಸದೆ ಇರುತ್ತದೆಯೆ? ತಾನು ದಿನವೂ ಬಡಿಸುತ್ತಿರುವುದು ಗಂಡನಿಗೋ, ಅದಕ್ಕೋ? ಸೌಟು ಕೈಯಲ್ಲೇ ನಿಂತಿತು, ತಳ ಹಿಡಿದ ವಾಸನೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಡುಗೆ ಸೀಯಿಸಿದ್ದು ಅದೇ ಮೊದಲು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಅವನು ರಕ್ತ ಕೊಡಲು ಒಳಗೆ ಹೋದ ಹೊತ್ತಿನಲ್ಲಿ, ಪಡಸಾಲೆಯಲ್ಲಿ ಡಾಕ್ಟರಮ್ಮನನ್ನು ಅಡ್ಡಗಟ್ಟಿ ಇದನ್ನೇ ಕೇಳಿದಳು. ಡಾಕ್ಟರಮ್ಮ ಗೋಡೆಗೆ ಸರಿದು ನಿಂತಳು.

"ಕೇಳಬೇಕಾದ್ದನ್ನೇ ಕೇಳಿದ್ರಿ. ಇಲ್ಲಿವರೆಗೆ ನೋಡಿದ ರೋಗಿಗಳಲ್ಲಿ ಇದರಿಂದ ಗಂಟು ಬೆಳೆದದ್ದು ಕಂಡಿಲ್ಲ. ಆದರೆ ವರ್ಷಗಟ್ಟಲೆ ನೋಡಿದವರು ಯಾರೂ ಇಲ್ಲ. ಅಷ್ಟು ವರ್ಷ ಈ ರೋಗಿಗಳು..."

ಅವಳು ಅಲ್ಲಿಗೇ ನಿಲ್ಲಿಸಿದಳು. ಉಳಿದದ್ದು ಹೆಂಡತಿಗೆ ಅರ್ಥವಾಯಿತು. ಥ್ಯಾಂಕ್ಸ್ ಎಂದಳು, ಯಾಕೆ ಎಂದು ಅವಳಿಗೇ ಗೊತ್ತಿಲ್ಲ.

ಅವತ್ತೇ ಅವನ ಕೈಗೆ ಒಂದು ಉಪಕರಣ ಕೊಟ್ಟು ಹಿಂಡಲು ಹೇಳಿದರು. ಮುಷ್ಟಿಯ ಬಲ ತೋರಿಸುವ ಮುಳ್ಳು ಅದರಲ್ಲಿತ್ತು. ಮಾತ್ರೆ ಶುರುಮಾಡುವ ಮೊದಲೂ ಹಿಂಡಿಸಿದ್ದರು. ತೂಕ ಅಷ್ಟು ಏರಿದ್ದರೂ ಮುಳ್ಳು ಅವತ್ತು ಎಲ್ಲಿಗೆ ಹೋಗಿ ನಿಂತಿತ್ತೋ ಇವತ್ತೂ ಅಲ್ಲಿಗೇ ಹೋಗಿ ನಿಂತಿತು. ಈ ಮಾತ್ರೆಯಲ್ಲಿ ಇದೇ ಕೊರತೆ, ಮಾಂಸ ಬರುತ್ತದೆ, ಕಸುವು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಳು. ಗಡಗಡಣ್ಣ ಉಪಕರಣವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದರ ಸ್ಪ್ರಿಂಗ್ ತುಕ್ಕು ಹಿಡಿದಿದೆ ಡಾಕ್ಟ್ರೇ. ಬಿಚ್ಚಿ ಕೊಡಿ, ಎಣ್ಣೆ ಬಿಡ್ತೀನಿ." ತಮಾಷೆಗೆ ಹೇಳಿದ್ದು ಎಂದು ಎಲ್ಲರೂ ನಕ್ಕರು. ಅವನು ಅದನ್ನು ನಿಜವೆಂದೇ ನಂಬಿದ್ದ ಎನ್ನುವುದು ಆಮೇಲೆ ತಿಳಿಯಿತು.

ನೋಟ್‌ಬುಕ್ಕು ಪೆನ್ನು ಮಾರುವ ಅಂಗಡಿಯ ಶಟರ್ ಸ್ಪ್ರಿಂಗ್ ತುಂಡಾಗಿತ್ತು. ತಮ್ಮ ಹೊಸದನ್ನು ಕೂರಿಸಲು ಹೊರಟಾಗ ಗಡಗಡಣ್ಣ ತಾನೂ ಬರುತ್ತೇನೆ, ಸುಮ್ಮನೆ ಸ್ಟೂಲಿನ ಮೇಲೆ ಕೂತು ನೋಡುತ್ತೇನೆ ಎಂದ. ಮೈ ತುಂಬಿದ ಭಾವನನ್ನು ಬೇಡವೆನ್ನಲು ತಮ್ಮನಿಗೆ ಮನಸ್ಸಾಗಲಿಲ್ಲ. ಮಧ್ಯೆ ಹಸಿದಾನು ಎಂದು ಹೆಂಡತಿ ಡಬ್ಬಿ ತುಂಬಿಕೊಂಡು ಹಿಂದೆಯೇ ಹೋದಳು. ಅವಳು ಅಂಗಡಿ ಮುಟ್ಟುವ ಹೊತ್ತಿಗೆ ಅವನು ಸ್ಟೂಲಿನ ಮೇಲೆ ಕೂತಿರಲಿಲ್ಲ, ನಿಂತಿದ್ದ. ತಲೆಯ ಮೇಲಿನ ಕೊಳವೆಗೆ ತೂರಿಸಿದ್ದ ಸರಳು ಅವನ ಕೈಯಲ್ಲಿತ್ತು; ಪಕ್ಕದ ಏಣಿಯ ಮೇಲೆ ತಮ್ಮ ಬೋಲ್ಟ್ ಹಿಡಿದುಕೊಂಡಿದ್ದ. ನಾಲ್ಕು ಸುತ್ತು ಬಂದಿತ್ತು. ಅಂಗಡಿಯವನು, ಹಳೇ ಕೈ ಹಳೇ ಕೈಯೇ ಎನ್ನುತ್ತಿದ್ದ. ಐದನೆಯ ಸುತ್ತಿನ ಅರ್ಧದಲ್ಲಿ ಗಂಡನ ಮುಂಗೈ ನಡುಗುವುದು ಅವಳಿಗೆ ಕಂಡಿತು. ಅವಳು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಸರಳು ಗಿರ್ರನೆ ಹಿಂದಕ್ಕೆ ತಿರುಗಿ ತಮ್ಮನ ದವಡೆಗೆ ಬಡಿಯಿತು.

ತಮ್ಮ ಏಣಿಯಿಂದ ಕೆಳಗೆ ಬಿದ್ದ. ಬಾಯಿಂದ ರಕ್ತ ಸುರಿಯುತ್ತಿತ್ತು, ಸಿಮೆಂಟು ನೆಲದ ಮೇಲೆ ಹಲ್ಲುಗಳು. ಅಂಗಡಿಯವನೂ ಅವಳೂ ಸೇರಿ ಬಟ್ಟೆ ಒತ್ತಿ ಆಟೋದಲ್ಲಿ ಕೂರಿಸಿದರು. ಗಡಗಡಣ್ಣ ನಿಂತಲ್ಲೇ ನಿಂತಿದ್ದ, ತನ್ನ ಅಂಗೈಯನ್ನು ನೋಡಿಕೊಂಡು. ಅದು ತುಂಬಿಕೊಂಡಿತ್ತು, ನುಣ್ಣಗಿತ್ತು, ಬೇರೆ ಯಾರದೋ ಕೈಯಂತಿತ್ತು.

ದವಡೆಗೆ ತಂತಿ ಕಟ್ಟಿದರು. ಮುಂದಿನ ನಾಲ್ಕು ಹಲ್ಲು ಹೋದವು. ಮಾತಾಡಲಾಗದ ತಮ್ಮ ಮೊಬೈಲಿನಲ್ಲಿ, ಅವು ಹೇಗೂ ಹುಳುಕು ಹಲ್ಲು ಭಾವ, ಕೀಳಿಸೋ ಕೆಲಸ ಉಳೀತು ಎಂದು ಬರೆದು ತೋರಿಸಿದ. ಗಡಗಡಣ್ಣ ಓದಿ ಮೊಬೈಲನ್ನು ಹಾಸಿಗೆಯ ಮೇಲಿಟ್ಟ. ಸಂಜೆ ಮನೆಗೆ ಬಂದಮೇಲೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೂತಿದ್ದ. ಹೆಂಡತಿ ಒಲೆ ಹಚ್ಚಿರಲಿಲ್ಲ. ಇವತ್ತು ಯಾರಿಗೆ ಅನ್ನ ಸೇರುತ್ತದೆ ಎಂದುಕೊಂಡಿದ್ದಳು.

"ಏನಾದ್ರೂ ಇದೆಯಾ?" ಎಂದ ಅವನು, ತಿರುಗದೆ.

ಅವಳು ತಿರುಗಿ ಅವನ ಬೆನ್ನನ್ನು ನೋಡಿದಳು.

"ಅವನ ಹಲ್ಲು ಉದುರಿಸಿ ಬಂದಿದ್ದೀನಿ. ನನಗೆ ಹಸಿವು ನೋಡು," ಎಂದ.

ಅಂಗಡಿಗೆ ಒಯ್ದಿದ್ದ ಡಬ್ಬಿ ಹಾಗೇ ಇತ್ತು. ತಣ್ಣಗಾದ ಆ ಅನ್ನವನ್ನೇ ಇಟ್ಟಳು. ಅವನು ಅಳುತ್ತ ಉಂಡ, ಒಂದು ಅಗುಳೂ ಉಳಿಸದೆ ಉಂಡ. ಆಮೇಲೆ ಅವನು ಪೇಟೆಬೀದಿಗೆ ಹೋಗಲಿಲ್ಲ. ಬಂದು ಕರೆದವರಿಗೆ ಕಾಲು ಊದಿದೆ ಎಂದು ಹೇಳಿಕಳಿಸುತ್ತಿದ್ದ.

ಸಕ್ಕರೆ ಏರಿತು. ಬಾಯಾರಿಕೆ ಎಂದು ಚೊಂಬುಗಟ್ಟಲೆ ನೀರು ಕುಡಿಯತೊಡಗಿದ. ಅದಕ್ಕೆ ಬೇರೆ ಔಷಧಿ ಕೊಟ್ಟು ನೋಡಿದರು, ಬಗ್ಗಲಿಲ್ಲ. ಇಸಿಜಿಯಲ್ಲಿ ಏನೋ ಬದಲಾವಣೆ ಕಂಡಿತು. ಹೊಸದಾಗಿ ಚಿತ್ರ ತೆಗೆದಾಗ ಗಂಟು ದೊಡ್ಡದಾಗಿತ್ತು, ಯಕೃತ್ತಿನಲ್ಲಿ ಎರಡು ಮರಿಗಂಟುಗಳೂ ಇದ್ದವು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಮಾತ್ರೆ ನಿಲ್ಲಿಸಬೇಕು ಎಂದಳು. ನಿಲ್ಲಿಸಿದರೆ ಹಸಿವು ಹೋಗುತ್ತದೆಯೆ ಎಂದು ಅವನು ಕೇಳಿದ. ಹೋಗಬಹುದು ಎಂದಳು. ಬಂದ ಮೈಯೂ ಹೋಗುತ್ತದೆಯೆ ಎಂದ. ಅದಕ್ಕೂ ಹೌದು ಎಂದಳು. ಹೆಂಡತಿ ಡಾಕ್ಟರಮ್ಮನ ಮುಖವನ್ನೇ ನೋಡಿದಳು. ಡಾಕ್ಟರಮ್ಮ ತನ್ನ ಮುಖವನ್ನು ಚಿತ್ರದ ಕಡೆಗೆ ತಿರುಗಿಸಿಕೊಂಡಳು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಅವನು ಒಂದೇ ಒಂದು ಮಾತು ಕೇಳಿಕೊಂಡ. "ಇನ್ನು ಚಮಚ ಹಿಡ್ಕೊಂಡು ನನ್ನ ಹಿಂದೆ ಬರಬೇಡ. ಅಷ್ಟು ಮಾಡು."

"ಇಲ್ಲ, ಬರಲ್ಲ," ಎಂದಳು. ಹೇಳಿದ ಹಾಗೆಯೇ ನಡೆದುಕೊಂಡಳು. ಅವಳ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಇರಲಿಲ್ಲ.

ಹಸಿವು ಹೋದದ್ದು ಗೊತ್ತೂ ಆಗಲಿಲ್ಲ. ಡಬ್ಬಿಗಳ ಮುಚ್ಚಳದ ಸದ್ದು ಕಡಿಮೆಯಾಯಿತು, ಆಮೇಲೆ ನಿಂತುಹೋಯಿತು. ಕಾಲಿನ ನೀರು ಇಳಿದು ಪಾದದ ಎಲುಬುಗಳು ಮೇಲೆದ್ದವು. ತುಂಬಿದ ಕೆನ್ನೆ ಒಳಕ್ಕೆ ಹೋದಾಗ ಮುಖ ಮೊದಲಿಗಿಂತ ಮುದಿಯಾಗಿ ಕಂಡಿತು. ಹಾಸಿಗೆಯನ್ನು ಅಡುಗೆಮನೆಗೆ ಕಾಣುವ ಹಾಗೆ ಹಾಕಿಸಿಕೊಂಡ. ಈಗ ವಾಸನೆಗೆ ಹೊಟ್ಟೆ ತೊಳಸುತ್ತಿರಲಿಲ್ಲ. ಅದಕ್ಕೂ ಶಕ್ತಿ ಬೇಕು ಎಂದು ನಗಾಡುತ್ತಿದ್ದ. ಹೆಂಡತಿ ಅವನೆದುರು ಉಣ್ಣಲು ಮನಸ್ಸಾಗದೆ ಹಾಸ್ಟೆಲಿನಲ್ಲೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಬರುತ್ತಿದ್ದಳು. ಅದು ಅವನಿಗೆ ತಿಳಿಯಿತು.

"ಇಲ್ಲೇ ಕೂತು ಉಣ್ಣು. ನಾನು ನೋಡ್ತೀನಿ," ಎಂದ.

ಅವಳು ತಟ್ಟೆ ತಂದು ಅವನ ಮಂಚದ ಪಕ್ಕ ನೆಲದ ಮೇಲೆ ಕೂತಳು. ಕಲಸಿ ತುತ್ತು ಮಾಡಿ ನುಂಗಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ. ಇನ್ನು ಸ್ವಲ್ಪ ಹಾಕಿಕೋ ಎಂದ, ಹಾಕಿಕೊಂಡಳು. ಹೀಗೇ ಕೊನೆಯ ದಿನಗಳು ಕಳೆದವು. ಒಂದು ಮಧ್ಯಾಹ್ನ ಅವಳು ಉಂಡು, ತಟ್ಟೆ ತೊಳೆದಿಟ್ಟು ಬಂದಾಗ ಅವನ ಉಸಿರು ನಿಂತಿತ್ತು. ಮುಖ ಅವಳಿದ್ದ ಅಡುಗೆಮನೆಯ ಕಡೆಗೇ ತಿರುಗಿತ್ತು.

ತಮ್ಮ ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ಕೆಲಸಕ್ಕೆ ಮರಳಿದ; 'ಸ' ಹೇಳುವಾಗ ಸೀಟಿ ಹೊಡೆದ ಹಾಗಾಗುತ್ತದೆ ಎಂದು ಅಂಗಡಿಯವರು ಅವನನ್ನು ಛೇಡಿಸುತ್ತಿದ್ದರು. ಕಪಾಟಿನಲ್ಲಿ ಒಂದೂವರೆ ಪಟ್ಟಿ ಮಾತ್ರೆ ಉಳಿದಿತ್ತು. ಬೇರೆ ಯಾರಾದರೂ ರೋಗಿಗೆ ಆಗುತ್ತದೆ ಅಕ್ಕ, ಆಸ್ಪತ್ರೆಗೆ ಕೊಟ್ಟುಬಿಡು ಎಂದ ತಮ್ಮ. ಕೊಟ್ಟರೆ ಒಳ್ಳೆಯದು ಮಾಡಿದ ಹಾಗೋ ಕೆಟ್ಟದ್ದು ಮಾಡಿದ ಹಾಗೋ ಎಂದು ತೀರ್ಮಾನಿಸಲಾಗದೆ ಅವಳು ಬಹಳ ದಿನ ಅದನ್ನು ಅಲ್ಲೇ ಇಟ್ಟುಕೊಂಡಿದ್ದಳು. ಕೊನೆಗೊಂದು ದಿನ ಒಯ್ದಳು.

ಡಾಕ್ಟರಮ್ಮ ಅವಳನ್ನು ಗುರುತಿಸಿದಳು, ಕೂರಿಸಿದಳು. ಅವಳು ಕೇಳದಿದ್ದರೂ, ಮಾತ್ರೆಯಿಂದಲೇ ಗಂಟು ಬೆಳೆಯಿತು ಎಂದುಕೊಳ್ಳಬೇಡಿ, ಮಾತ್ರೆ ಇಲ್ಲದಿದ್ದರೂ ಅದು ಹಾಗೇ ಬೆಳೆಯುತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ ಎಂದಳು.

"ಅನ್ನಿಸುತ್ತೆ," ಎಂದಳು ಹೆಂಡತಿ.

"ಹೌದು. ಗೊತ್ತಿದೆ ಅಂತ ಹೇಳೋಕಾಗಲ್ಲ."

ಮನೆಯಿಂದ ವಾಪಸು ಬಂದ ಔಷಧಿಯನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲವಂತೆ. ಡಾಕ್ಟರಮ್ಮ ಪಟ್ಟಿಗಳನ್ನು ತೆಗೆದುಕೊಂಡು, ಮೂಲೆಯಲ್ಲಿದ್ದ ಹಳದಿ ಕಸದ ಡಬ್ಬಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ ತೆರೆದು, ಅದರೊಳಗೆ ಹಾಕಿದಳು. ಹೆಂಡತಿ ಎದ್ದು ನಮಸ್ಕಾರ ಹೇಳಿ ಹೊರಗೆ ಬಂದಳು. ಹಾಸ್ಟೆಲಿನಲ್ಲಿ ಮಧ್ಯಾಹ್ನದ ಅನ್ನಕ್ಕೆ ನೀರು ಇಡುವ ಹೊತ್ತಾಗುತ್ತ ಬಂದಿತ್ತು. ಬಸ್ಸಿಗೆ ಕಾಯದೆ ನಡೆದೇ ಹೋದಳು.